ಪದಚರ್ಚೆ: ಆಟಗಾರನ ‘ಟೊಂಕ’, ‘ಬಳುಕು’, ‘ಮೋಟರ್’

ಪದಪ್ರಿಯರಿಗೆ ನಮಸ್ಕಾರ.

ನಾನಿರುವ ಊರಿನ ಕನ್ನಡ ಸಂಘದ ಸಂಚಿಕೆಗೆ ಅಮೆರಿಕನ್ ಫುಟ್‌ಬಾಲ್ ಕುರಿತು ಲೇಖನವೊಂದನ್ನು ಬರೆಯುತ್ತಿದ್ದೇನೆ. ಕಾಲೇಜು ತಂಡಗಳ ಹುಡುಗರು ಆಡಿದ ಪಂದ್ಯಗಳ ವಿಡಿಯೊವನ್ನು ಹಿಂದೆ ಮುಂದೆ ಓಡಿಸಿ ನೋಡಿ, ಅವರಲ್ಲಿ ಯಾರು ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ನಿಲ್ಲಬಲ್ಲರು ಎಂದು ತೂಗುವ ಕೆಲಸವೇ ಲೇಖನದ ವಿಷಯ. ಬರೆಯಲು ಕುಳಿತ ಮೇಲೆ ಹೆಜ್ಜೆಹೆಜ್ಜೆಗೂ ಪದ ಸಿಗದೆ ಎಡವುತ್ತಿದ್ದೇನೆ. ನಿಮ್ಮ ನೆರವು ಬೇಕು.

ಮೊದಲಿಗೆ ‘ಡ್ರಾಫ್ಟ್’. ಅನುವಾದ ಯಂತ್ರಗಳು ಇದನ್ನು ‘ಕರಡು’ ಮಾಡಿಬಿಡುತ್ತವೆ. ‘ಎನ್‌ಎಫ್‌ಎಲ್ ಕರಡು’ ಎಂದರೆ ಯಾವುದೋ ಮಸೂದೆ ಇರಬೇಕು ಎನಿಸುತ್ತದೆ. ಐಪಿಎಲ್‌ನಿಂದ ಪರಿಚಿತವಾದ ‘ಹರಾಜು’ ಕೂಡ ಸಲ್ಲದು, ಏಕೆಂದರೆ ಇಲ್ಲಿ ಬೆಲೆ ಕೂಗುವವರಿಲ್ಲ. 32 ತಂಡಗಳು ಏಳು ಸುತ್ತುಗಳಲ್ಲಿ ಸರದಿಯಂತೆ ಒಬ್ಬೊಬ್ಬರನ್ನು ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಕಳಪೆ ಆಡಿದ ತಂಡಕ್ಕೆ ಮೊದಲ ಸರದಿ. ಸದ್ಯಕ್ಕೆ ‘ಸರದಿ ಆಯ್ಕೆ’ ಎಂದು ಬರೆದಿದ್ದೇನೆ.

ಆಯ್ಕೆಗೆ ಪರಿಗಣನೆಯಲ್ಲಿರುವ ಹುಡುಗ ಎಂಬರ್ಥದ ‘ಪ್ರಾಸ್ಪೆಕ್ಟ್’ ಇನ್ನೂ ತಲೆನೋವಿನ ಪದ. ನಮ್ಮ ಕ್ರೀಡಾಪುಟಗಳು ‘ಭರವಸೆಯ ಆಟಗಾರ’, ‘ಉದಯೋನ್ಮುಖ ಪ್ರತಿಭೆ’ ಎನ್ನುತ್ತವೆ. ಇವೆರಡರಲ್ಲೂ ತೀರ್ಪು ಮೊದಲೇ ಬಂದುಬಿಟ್ಟಿದೆ. ನೂರಾರು ಹುಡುಗರ ಆಟ ನೋಡಿ ಬಹುಪಾಲು ಜನರನ್ನು ಬೇಡವೆನ್ನುವ ಪರಿಶೀಲಕ ‘ಈ ಭರವಸೆಯ ಆಟಗಾರನ ಮೇಲೆ ನನಗೆ ಭರವಸೆಯಿಲ್ಲ’ ಎಂದು ವರದಿ ಬರೆಯಲಾದೀತೇ? ‘ಅಭ್ಯರ್ಥಿ’ ತಕ್ಕಮಟ್ಟಿಗೆ ಒಗ್ಗುತ್ತದೆ, ಕಾಲೇಜಿನ ಅವಧಿ ಮುಗಿಯುವ ಮೊದಲೇ ಬರಲು ಬಯಸುವವರು ನಿಜವಾಗಿಯೂ ತಮ್ಮ ಹೆಸರು ಕೊಡಬೇಕು. ಆದರೆ ಚುನಾವಣೆಯ ವಾಸನೆ ಹೊಡೆಯುತ್ತದೆ. ನಿಮಗೆ ಹೇಗನ್ನಿಸುತ್ತದೆ?

ಇನ್ನು ಪಂದ್ಯದ ವಿಡಿಯೊಗೆ ಹೇಳುವ ‘ಟೇಪ್’. ಈಗ ಟೇಪೂ ಇಲ್ಲ, ಫಿಲ್ಮೂ ಇಲ್ಲ, ಆದರೂ ಪರಿಶೀಲಕರು ಆ ಪದಗಳನ್ನು ಬಿಟ್ಟಿಲ್ಲ. ‘ಟೇಪ್ ಸುಳ್ಳು ಹೇಳದು’ ಎಂಬುದು ಅವರ ಮೆಚ್ಚಿನ ಮಾತು. ‘ರೀಲು’ ಎಂದು ಬರೆಯೋಣವೆಂದರೆ ಕನ್ನಡದಲ್ಲಿ ರೀಲು ‘ಬಿಡುವುದು’ ಎಂದರೆ ಏನೆಂದು ಎಲ್ಲರಿಗೂ ಗೊತ್ತು! ಟಿವಿ ಕ್ಯಾಮೆರಾ ಚೆಂಡಿನ ಬೆನ್ನು ಹತ್ತುವುದರಿಂದ ದೂರದಲ್ಲಿ ಓಡುವವರು ಚೌಕಟ್ಟಿನ ಆಚೆ ಉಳಿಯುತ್ತಾರೆ. ಅದಕ್ಕಾಗಿಯೇ ಮೈದಾನದ ಪಕ್ಕದಿಂದ ಮತ್ತು ತುದಿಯಿಂದ ಎತ್ತರದಲ್ಲಿ ಚಿತ್ರೀಕರಿಸಿದ, 22 ಮಂದಿಯೂ ಕಾಣುವ ದೃಶ್ಯಗಳನ್ನು ನೋಡುತ್ತಾರೆ. ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆದಾಗ ಹಿಡಿಯುವವನು ತಿರುಗಿದ್ದನೇ, ಇಲ್ಲವೇ ಅವನು ತಿರುಗುವ ಮೊದಲೇ ಚೆಂಡು ಕೈಬಿಟ್ಟಿತ್ತೇ ಎಂಬುದು ಅಲ್ಲಿ ತಿಳಿಯುತ್ತದೆ. ಇಷ್ಟೆಲ್ಲ ನೋಡಿಯೂ, ಮುಂದೆ ಈ ಆಟದ ದಿಗ್ಗಜರಾದ ಟಾಮ್ ಬ್ರೇಡಿ 2000ದಲ್ಲಿ 199ನೆಯವನಾಗಿ ಆಯ್ಕೆಯಾದರು. 2017ರಲ್ಲಿ ಮಿಚೆಲ್ ಟ್ರುಬಿಸ್ಕಿ ಎರಡನೆಯವರು, ಮುಂದೆ ಅವರನ್ನು ಬಹಳ ಮೀರಿಸಿದ ಪ್ಯಾಟ್ರಿಕ್ ಮಹೋಮ್ಸ್ ಹತ್ತನೆಯವರು. ದೃಶ್ಯದಲ್ಲಿ ಇದ್ದದ್ದು ಇದ್ದೇ ಇತ್ತು, ನೋಡಿದವರ ಊಹೆ ಕೆಟ್ಟಿತು. ಸದ್ಯಕ್ಕೆ ‘ಆಟದ ದೃಶ್ಯ’ ಎಂದು ಇಟ್ಟುಕೊಂಡಿದ್ದೇನೆ.

ನನಗೆ ನಿಜಕ್ಕೂ ಸ್ವಾರಸ್ಯವೆನಿಸಿದ್ದು ಮೈಗೆ ಸಂಬಂಧಿಸಿದ ಪದಗಳು. ಚೆಂಡು ಹಿಡಿಯಲು ಓಡುವ ಎದುರಾಳಿಯನ್ನು ಕಾಯುತ್ತ ಹಿಮ್ಮುಖವಾಗಿ ಓಡುತ್ತಿದ್ದ ಕಾರ್ನರ್‌ಬ್ಯಾಕ್ ವೇಗ ಕಳೆದುಕೊಳ್ಳದೆ ಮುಮ್ಮುಖವಾಗಿ ತಿರುಗಬೇಕು. ಆ ತಿರುವು ಹಗುರವಾಗಿದ್ದರೆ ವರದಿಯಲ್ಲಿ ‘ಸೊಂಟ’ವನ್ನು ಹೊಗಳುತ್ತಾರೆ. ‘ಸೊಂಟ ಚೆನ್ನಾಗಿ ತಿರುಗುತ್ತದೆ’ ಎಂದು ಬರೆದು ಓದಿಕೊಂಡೆ. ಕಣ್ಣೆದುರು ಬಂದದ್ದು ನೃತ್ಯಗಾತಿ. ‘ಸಡಿಲ ಸೊಂಟ’ ಎಂದರೆ ವೈದ್ಯರ ಬಳಿಗೆ ಕಳಿಸಬೇಕಾದ ಸ್ಥಿತಿ. ‘ನಡು’ ಕವಿಗಳ ಪಾಲಾಗಿದೆ. ಕೊನೆಗೆ ಹೊಳೆದದ್ದು ‘ಟೊಂಕ’. ಟೊಂಕ ಕಟ್ಟಿ ನಿಲ್ಲುವುದು ದುಡಿಮೆಯ ಮಾತು, ಅದರಲ್ಲಿ ಲಾಲಿತ್ಯಕ್ಕಿಂತ ಕಸುವೇ ಮುಂದು. ‘ಟೊಂಕ ಬಿಗಿ, ತಿರುವಿನಲ್ಲಿ ಹಿಂದೆ ಬೀಳುತ್ತಾನೆ’ ಎಂದರೆ ಅರ್ಥವಾಗುತ್ತದೆಯೇ?

ಇದರ ನೆಂಟ ‘ಬೆಂಡ್’. ಅಂಚಿನಿಂದ ನುಗ್ಗುವ ರಕ್ಷಣಾ ಆಟಗಾರ ತನ್ನನ್ನು ತಡೆಯುವ ದೈತ್ಯನನ್ನು ಸುತ್ತಿಕೊಂಡು ಕಮಾನಿನಂತೆ ಓಡಬೇಕು. ಮೈ ನೆಲದ ಕಡೆಗೆ ವಾಲಿದರೂ ಕಾಲು ನಿಧಾನವಾಗಬಾರದು. ‘ಬಾಗು’ ಎಂದರೆ ಶರಣಾದಂತೆ ಕೇಳಿಸುತ್ತದೆ. ‘ಬಳುಕು’ ಅರ್ಥಕ್ಕೆ ತೀರ ಹತ್ತಿರ, ಆದರೆ 120 ಕಿಲೊ ತೂಕದ ಗಂಡಾಳು ಬಳುಕುತ್ತಾನೆ ಎಂದು ಅಚ್ಚು ಹಾಕಿಸುವ ಧೈರ್ಯ ನನಗಿನ್ನೂ ಬಂದಿಲ್ಲ. ಹಾಗೆಯೇ ಸಾಲಿನಲ್ಲಿ ಢಿಕ್ಕಿ ಹೊಡೆಯುವವರಲ್ಲಿ ಎದುರಾಳಿಗಿಂತ ಕೆಳಗಿನಿಂದ ಎತ್ತಿ ದೂಡುವವನು ಮೇಲುಗೈ ಪಡೆಯುತ್ತಾನೆ. ಆ ಸ್ಥಾನಕ್ಕೆ ಗಿಡ್ಡ, ತೂಕ ಸಾಲದು ಎಂಬ ಅನುಮಾನ ಹೊತ್ತು 2014ರಲ್ಲಿ 13ನೆಯವರಾಗಿ ಆಯ್ಕೆಯಾದ ಆ್ಯರನ್ ಡೊನಾಲ್ಡ್ ಮುಂದೆ ಮೂರು ಬಾರಿ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರರಾದರು. ಈ ಗುಣವನ್ನು ‘ತಗ್ಗಿ ನುಗ್ಗುವುದು’ ಎಂದು ಬರೆದಿದ್ದೇನೆ. ‘ತಗ್ಗಿದವನೇ ಗೆಲ್ಲುತ್ತಾನೆ’ ಎಂದು ಬರೆದರೆ ಪ್ರವಚನವಾಗುತ್ತದೆ.

ವೇಗದಲ್ಲಿ ಎರಡು ಬಗೆ. ಇಂಡಿಯಾನಾಪೊಲಿಸ್‌ನ ವಾರ್ಷಿಕ ಪರೀಕ್ಷೆಯಲ್ಲಿ 40 ಗಜ ಓಡಿಸಿ ಅಳೆಯುವುದು ಒಂದು, ಪಂದ್ಯದಲ್ಲಿ ಕಾಣುವುದು ಇನ್ನೊಂದು. 1985ರಲ್ಲಿ 16ನೆಯವರಾಗಿ ಆಯ್ಕೆಯಾದ ಜೆರ್ರಿ ರೈಸ್ ಗಡಿಯಾರಕ್ಕೆ ಅಂಥ ವೇಗಿಯಲ್ಲ, ಆದರೆ ಚೆಂಡು ಹಿಡಿದು ಓಡಿದರೆ ಬೆನ್ನಟ್ಟುವವರಿಗೆ ಸಿಗುತ್ತಿರಲಿಲ್ಲ. ‘ಗಡಿಯಾರದ ವೇಗ’, ‘ಆಟದ ವೇಗ’ ಸಾಕೆನಿಸುತ್ತದೆ. ಆಟಗಾರ ಏರಬಹುದಾದ ಗರಿಷ್ಠ ಮಟ್ಟ, ಇಳಿಯಬಹುದಾದ ಕನಿಷ್ಠ ಮಟ್ಟ ಎಂಬರ್ಥದ ‘ಸೀಲಿಂಗ್’, ‘ಫ್ಲೋರ್’ಗಳಿಗೆ ‘ಏರುಮಿತಿ’, ‘ಇಳಿಮಿತಿ’ ಮಾಡಿಕೊಂಡೆ. ಸೀಲಿಂಗ್ ಎಂದೇ ಬಿಟ್ಟರೆ ಊರಿನ ಹಿರಿಯರಿಗೆ ಭೂಸುಧಾರಣೆ ನೆನಪಾದೀತು.

ಉಳಿದದ್ದು ‘ಮೋಟರ್’. ಚೆಂಡು ಮೈದಾನದ ಆ ತುದಿಗೆ ಹೋದ ಮೇಲೂ, ಪಂದ್ಯದ ಕೊನೆಯದಾದ ನಾಲ್ಕನೆಯ ಕಾಲುಭಾಗದಲ್ಲೂ ಬೆನ್ನಟ್ಟುವುದನ್ನು ಬಿಡದ ಗುಣವದು. ನಮ್ಮಲ್ಲಿ ಮೋಟರ್ ಎಂದರೆ ಪಂಪ್‌ಸೆಟ್. ‘ಕೆಚ್ಚು’ ಎಂದರೆ ಎದೆಗಾರಿಕೆಯೇ ಹೆಚ್ಚು, ‘ಹುರುಪು’ ಬೇಗ ಆರುವಂಥದ್ದು, ‘ಛಲ’ ಮನಸ್ಸಿನದು, ಕಾಲಿನದಲ್ಲ. ಗರಡಿಯಲ್ಲಿ ಸಾಮು ಮಾಡಿದವರು, ಕಬಡ್ಡಿ ಕಲಿಸಿದವರು, ಕಂಬಳದ ಗದ್ದೆಯಲ್ಲಿ ಓಡಿದವರು ಈ ಬಳಗದಲ್ಲಿದ್ದರೆ ದಯವಿಟ್ಟು ತಿಳಿಸಿ: ಮೈ ಸೋತರೂ ಓಟ ನಿಲ್ಲಿಸದ ಹುಡುಗನನ್ನು ನಿಮ್ಮಲ್ಲಿ ಏನೆಂದು ಕರೆಯುತ್ತಾರೆ? ಊರು, ಸೀಮೆಯ ಹೆಸರನ್ನೂ ಸೇರಿಸಿದರೆ ಒಳ್ಳೆಯದು.