ಕಿಡ್ನಿ ಬಯಾಪ್ಸಿಯಲ್ಲಿ ಯಾವ ಸೆಲ್ ಯಾವುದು? ನೋಡಿ ಅಭ್ಯಾಸ ಇರುವವರು ಹೇಳಿ

ಕೋಲಾರ, ಪೆಥಾಲಜಿ ಪಿಜಿ: ಮಂಡಿನೋವಿಗೆ ತಿಂಗಳುಗಟ್ಟಲೆ ನೋವಿನ ಮಾತ್ರೆ ನುಂಗಿದವರ ಬಯಾಪ್ಸಿ. ಟ್ಯೂಬ್ಯೂಲ್‌ಗಳ (ಮೂತ್ರ ಸಾಗುವ ಸಣ್ಣ ನಳಿಕೆಗಳ) ಸಂದಿಯಲ್ಲೆಲ್ಲ ಉರಿಯೂತದ ಸೆಲ್‌ಗಳು. ಪ್ಲಾಸ್ಮಾ ಸೆಲ್ (ಆಂಟಿಬಾಡಿ ತಯಾರಿಸುವವು) ಎಷ್ಟಿವೆ ನೋಡೋಣವೆಂದು, ಅವನ್ನು ಕಂದು ಬಣ್ಣದಲ್ಲಿ ತೋರಿಸುವ ಸಿಡಿ138 ಮಾರ್ಕರ್ ಹಾಕಿಸಿದರೆ ಸ್ಲೈಡ್ ಪೂರ್ತಿ ಕಂದು. ಯಾವ ಮಾರ್ಕರ್ ನಂಬಲಿ?

ತುಮಕೂರು, ಪೆಥಾಲಜಿಸ್ಟ್: ಆ ಕಂದು ಟ್ಯೂಬ್ಯೂಲ್‌ಗಳದ್ದೇ ಅಮ್ಮ. ಸಿಡಿ138 ಟ್ಯೂಬ್ಯೂಲ್‌ನ ಒಳಪದರವಾದ ಎಪಿಥೀಲಿಯಂ ಮೇಲೂ ಇರುತ್ತೆ. ಕಿಡ್ನಿಯಲ್ಲಿ ಪ್ಲಾಸ್ಮಾ ಸೆಲ್‌ಗೆ ಎಂಯುಎಂ1 ಮಾರ್ಕರ್ ವಾಸಿ, ನ್ಯೂಕ್ಲಿಯಸ್‌ಗೆ ಹತ್ತೋದರಿಂದ ಎಣಿಸೋದು ಸುಲಭ. ಚುರುಕಾದ ಕೆಲವು ಟಿ ಸೆಲ್‌ಗಳಿಗೂ ಹತ್ತುತ್ತೆ, ನೆನಪಿರಲಿ. ಸಿಡಿ4 ಒಂದನ್ನೇ ನೋಡಿ ಟಿ ಸೆಲ್ ಅಂತ ಬರೆಯಬೇಡಿ, ಮ್ಯಾಕ್ರೋಫೇಜ್‌ಗೂ ಮಸುಕಾಗಿ ಹತ್ತುತ್ತೆ. ಟಿ ಸೆಲ್‌ಗೆ ಮೊದಲು ಸಿಡಿ3, ಆಮೇಲೆ ಅವುಗಳಲ್ಲಿ ಕೊಲ್ಲೋ ಬಗೆಗೆ ಸಿಡಿ8. ಬಿ ಸೆಲ್‌ಗೆ ಸಿಡಿ20, ಮ್ಯಾಕ್ರೋಫೇಜ್‌ಗೆ ಸಿಡಿ68. ಇಷ್ಟು ಸಾಕು.

ಇದಕ್ಕೆಲ್ಲ ಮುಂಚೆ ಪಿಎಎಸ್ ಸ್ಲೈಡ್, ಟ್ಯೂಬ್ಯೂಲ್ ಸುತ್ತಲಿನ ತೆಳು ಪೊರೆಯಾದ ಬೇಸ್‌ಮೆಂಟ್ ಮೆಂಬ್ರೇನ್ ಎದ್ದು ಕಾಣಿಸೋ ಸ್ಟೇನ್. ಸೆಲ್ ಬೇಸ್‌ಮೆಂಟ್ ಮೆಂಬ್ರೇನ್ ದಾಟಿದೆಯೋ ಇಲ್ಲವೋ ಅನ್ನೋದೇ ಅರ್ಧ ಉತ್ತರ. ದಾಟಿ ಒಳನುಗ್ಗಿ, ಸುತ್ತ ಬಿಳಿ ಬಳೆಯಿಟ್ಟು ಕೂತ ಪುಟ್ಟ ಕಪ್ಪು ನ್ಯೂಕ್ಲಿಯಸ್ ಲಿಂಫೋಸೈಟ್‌ದು: ಟ್ಯೂಬ್ಯುಲೈಟಿಸ್. ಅಲ್ಲಿ ಎಪಿಥೀಲಿಯಂ ಕೊಲ್ಲೋ ಕೆಲಸ ಸಿಡಿ8ಗಳದ್ದು. ಮ್ಯಾಕ್ರೋಫೇಜ್ ಸತ್ತ ಸೆಲ್ ತಿನ್ನುತ್ತೆ, ಗಾಯ ಮಾಯಿಸುತ್ತೆ. ಬಹಳ ದಿನ ಠಿಕಾಣಿ ಹೂಡಿದರೆ ನಾರು (ಫೈಬ್ರೋಸಿಸ್) ಬೆಳೆಯೋಕೂ ಅದೇ ಕಾರಣ. ಟ್ಯೂಬ್ಯೂಲ್ ಪೊಳ್ಳಿನಲ್ಲಿ ಸೋಂಕಿಗೆ ಓಡಿಬರೋ ನ್ಯೂಟ್ರೋಫಿಲ್ ಗುಂಪು ಕಂಡರೆ ಮಾತ್ರೆಯ ಮೇಲಿನ ಅನುಮಾನ ಪಕ್ಕಕ್ಕಿಟ್ಟು ಮೂತ್ರದ ಕಲ್ಚರ್ ರಿಪೋರ್ಟ್ ಕೇಳಿ.

ಚಿಕ್ಕಬಳ್ಳಾಪುರ, ಹಿಸ್ಟೋ ಟೆಕ್ನಿಷಿಯನ್: ಮೇಡಂ, ಬಣ್ಣ ಹತ್ತಿಸೋ ಕಿಟ್ ಬಯೋಟಿನ್‌ದೋ ಪಾಲಿಮರ್‌ದೋ ನೋಡಿ. ಕಿಡ್ನಿಯಲ್ಲಿ ಬಯೋಟಿನ್ ಮೊದಲೇ ಜಾಸ್ತಿ, ಬಿಸಿ ಕೊಟ್ಟು ರಿಟ್ರೀವಲ್ (ಮುಚ್ಚಿಹೋದ ಆಂಟಿಜನ್ ಬಿಡಿಸೋದು) ಮಾಡಿದಾಗ ಇನ್ನೂ ಎದ್ದು ಬರುತ್ತೆ, ಬಯೋಟಿನ್ ಕಿಟ್ ಅದಕ್ಕೂ ಬಣ್ಣ ಹತ್ತಿಸುತ್ತೆ. ಪ್ರೈಮರಿ ಆಂಟಿಬಾಡಿ (ಮಾರ್ಕರ್ ಹಿಡಿಯೋದು) ಹಾಕದ ಒಂದು ಸ್ಲೈಡ್ ಜೊತೆಗಿಡಿ. ಅದೂ ಕಂದಾದರೆ ತಪ್ಪು ಕಿಟ್‌ನಲ್ಲಿ, ಬೆಳ್ಳಗಿದ್ದರೆ ತುಮಕೂರಿನ ಸರ್ ಹೇಳಿದ್ದೇ ಸರಿ. ಬಣ್ಣ ಹತ್ತಲೇಬೇಕಾದ ಪಾಸಿಟಿವ್ ಕಂಟ್ರೋಲ್‌ಗೆ ಟಾನ್ಸಿಲ್.

ಇನ್ನೊಂದು: ತುಂಡು ದಾರದಷ್ಟು ಸಣ್ಣದು, ಪ್ರತಿ ಸಲ ಮೇಣದ ಬ್ಲಾಕ್ ಟ್ರಿಮ್ ಮಾಡ್ತಾ ಹೋದರೆ ರಕ್ತ ಸೋಸೋ ಗ್ಲೊಮೆರುಲಸ್ಸೇ ಖಾಲಿ. 3 ಮೈಕ್ರಾನ್‌ನಲ್ಲಿ 10–12 ಸೆಕ್ಷನ್ ಒಂದೇ ಸಲ ತುಂಡು ಕಚ್ಚಿಹಿಡಿಯೋ ಚಾರ್ಜ್ಡ್ ಸ್ಲೈಡ್ ಮೇಲೆ ತೆಗೆದಿಟ್ಟು, 60 ಡಿಗ್ರಿಯಲ್ಲಿ 1 ಗಂಟೆ ಒಣಗಿಸಿ. ಇಲ್ಲಾಂದ್ರೆ ರಿಟ್ರೀವಲ್ ಕುಕ್ಕರ್‌ನಲ್ಲಿ ಕಿತ್ತು ಬರುತ್ತೆ. ನಮ್ಮ ಕಡೆ ಬೋರ್‌ವೆಲ್ ನೀರಿನ ಗಡಸು ಗೊತ್ತೇ ಇದೆ, ಬಫರ್‌ಗೆ ಡಿಸ್ಟಿಲ್ಡ್ ನೀರೇ ಬಳಸಿ.

ಕೋಲಾರ, ನೆಫ್ರಾಲಜಿಸ್ಟ್: ಇಯೊಸಿನೋಫಿಲ್ (ಅಲರ್ಜಿಯಲ್ಲಿ ಹೆಚ್ಚೋ ಬಿಳಿ ರಕ್ತಕಣ) ಸಿಗಲಿಲ್ಲವೆಂದು ಔಷಧಿಯನ್ನು ಖುಲಾಸೆ ಮಾಡಬೇಡಿ. ಆಂಟಿಬಯೋಟಿಕ್‌ನಿಂದಾದ ಉರಿಯೂತದಲ್ಲಿ ಕಾಣುವಷ್ಟು ಅವು ನೋವಿನ ಮಾತ್ರೆಯದ್ದರಲ್ಲಿ ಕಾಣೋದಿಲ್ಲ. ಮೈ ಊದಿಕೊಂಡು ಮೂತ್ರದಲ್ಲಿ ಪ್ರೋಟೀನ್ ವಿಪರೀತ ಹೋಗುತ್ತಿದ್ದರೆ ಮಿನಿಮಲ್ ಚೇಂಜ್ (ಗ್ಲೊಮೆರುಲಸ್‌ನಿಂದ ಪ್ರೋಟೀನ್ ಸೋರುವ ಕಾಯಿಲೆ) ಕೂಡ ಜೊತೆಗಿರಬಹುದು, ಅದಕ್ಕೆ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬೇಕು. ಪ್ಲಾಸ್ಮಾ ಸೆಲ್ ಹಿಂಡುಹಿಂಡಾಗಿದ್ದರೆ ಐಜಿಜಿ4 (ಒಂದು ಬಗೆಯ ಆಂಟಿಬಾಡಿ) ಸ್ಟೇನ್ ಹಾಕಿಸಿ. ಅದು ಹತ್ತಿದ ಸೆಲ್ ಹೈ ಪವರ್ ಫೀಲ್ಡ್ (ದೊಡ್ಡ ಲೆನ್ಸಿನಲ್ಲಿ ಒಮ್ಮೆಗೆ ಕಾಣುವ ಜಾಗ) ಒಂದಕ್ಕೆ 10ಕ್ಕಿಂತ ಹೆಚ್ಚಿದ್ದರೆ ಐಜಿಜಿ4 ಸಂಬಂಧಿತ ಕಾಯಿಲೆಯ ದಾರಿಯಲ್ಲೂ ಯೋಚಿಸಬೇಕು. ಗ್ರ್ಯಾನುಲೋಮಾ (ಮ್ಯಾಕ್ರೋಫೇಜ್‌ಗಳ ಗಂಟು) ಕಂಡರೆ ಟಿಬಿ ಬ್ಯಾಕ್ಟೀರಿಯಾ ತೋರಿಸೋ ಜೀಲ್–ನೀಲ್ಸನ್ ಸ್ಟೇನ್ ನೋಡದೆ ರಿಪೋರ್ಟ್ ಕಳಿಸಬೇಡಿ. ಸ್ಟೀರಾಯ್ಡ್ ಶುರು ಮಾಡೋದು ನಾವು. ಒಳಗೆ ಟಿಬಿ ಇದ್ದರೆ ಹೊತ್ತಿಕೊಳ್ಳುತ್ತೆ. ನಾರು ಶೇಕಡಾ ಎಷ್ಟು ಅಂತಲೂ ಬರೆಯಿರಿ, ಸ್ಟೀರಾಯ್ಡ್‌ನಿಂದ ಎಷ್ಟು ಕಿಡ್ನಿ ವಾಪಸ್ ಬರಬಹುದೆಂದು ನಾವು ಅಂದಾಜಿಸೋದು ಅದರ ಮೇಲೆ.