ಐಟಿ ರಿಟರ್ನ್ ಇಲ್ಲ, ಸಂಬಳದ ಚೀಟಿ ಇಲ್ಲ: ಮೊದಲ ಮನೆ ಸಾಲ ಸಿಗುತ್ತಾ?

ತಟ್ಟೆಇಡ್ಲಿ_ತುಮಕೂರು ಕೇಳಿದ್ದು:

ತುಮಕೂರಲ್ಲಿ ತಿಂಡಿ ಅಂಗಡಿ. ದಿನಕ್ಕೆ ಸುಮಾರು 5,000 ರೂ. ವ್ಯಾಪಾರ, ತಿಂಗಳಿಗೆ 26 ದಿನ. ಖರ್ಚು ಕಳೆದು ನೂರಕ್ಕೆ ಮೂವತ್ತು ಉಳಿಯುತ್ತೆ. ಹೆಂಡತಿಗೆ ಹೊಲಿಗೆಯಿಂದ 12,000 ಬರುತ್ತೆ. ಇಬ್ಬರೂ ರಿಟರ್ನ್ ಹಾಕಿಲ್ಲ, ಬ್ಯಾಂಕ್ ಸಾಲ ತಗೊಂಡಿಲ್ಲ, ಕ್ರೆಡಿಟ್ ಕಾರ್ಡ್ ಇಲ್ಲ. ನೋಡಿರೋ ಮನೆ 32 ಲಕ್ಷ. ನಮ್ಮ ಹತ್ತಿರ 9 ಲಕ್ಷ ಇದೆ, ಅದರಲ್ಲಿ 4 ಲಕ್ಷ ನಗದು. ಬ್ಯಾಂಕಿನವರು ಮೂರು ವರ್ಷದ ರಿಟರ್ನ್ ಕೇಳ್ತಾರೆ. ಏಜೆಂಟ್ ಒಬ್ಬ 40,000 ಕೊಟ್ಟರೆ ಸ್ಯಾಲರಿ ಸ್ಲಿಪ್ ಸಮೇತ ಫೈಲ್ ರೆಡಿ ಮಾಡ್ತೀನಿ ಅಂತಾನೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಗಳಿಗೆ ಜಿಎಸ್‌ಟಿ ನೋಟಿಸ್ ಕೊಟ್ಟ ಗಲಾಟೆ ಆದಮೇಲೆ ಕ್ಯೂಆರ್ ತೆಗೆದಿಟ್ಟಿದ್ದೀವಿ. ಎಲ್ಲಿಂದ ಶುರು ಮಾಡಬೇಕು?

---

ಲೆಕ್ಕದ_ಪುಸ್ತಕ:

ಏಜೆಂಟ್‌ಗೆ ಇವತ್ತೇ ಬೇಡ ಅಂದುಬಿಡಿ. ಸುಳ್ಳು ಸ್ಯಾಲರಿ ಸ್ಲಿಪ್ ಅನ್ನು ಬ್ಯಾಂಕಿನವರು 26ಎಎಸ್ (ಸಂಬಳದಿಂದ ಹಿಡಿದ ತೆರಿಗೆ ತೋರಿಸೋ ಪಟ್ಟಿ), ಪಿಎಫ್ ಖಾತೆ, ಕಂಪನಿಯ ವಿಳಾಸ ಮೂರಕ್ಕೂ ತಾಳೆ ಹಾಕ್ತಾರೆ. ಸಿಕ್ಕಿಬಿದ್ದರೆ ಸಾಲ ಹೋಗೋದಷ್ಟೇ ಅಲ್ಲ, ವಂಚನೆ ಮತ್ತು ನಕಲಿ ದಾಖಲೆ ಕೇಸು ಸಹಿ ಹಾಕಿದ ನಿಮ್ಮ ಮೇಲೂ ಬೀಳುತ್ತೆ.

ಎರಡನೇ ಕೆಲಸ, ಕ್ಯೂಆರ್ ವಾಪಸ್ ಅಂಟಿಸಿ. ಹೋಟೆಲ್, ತಿಂಡಿ ವ್ಯಾಪಾರಕ್ಕೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ ವಹಿವಾಟು. ನಿಮ್ಮದು 1.3 ಲಕ್ಷದಂತೆ ಹನ್ನೆರಡು ತಿಂಗಳಿಗೆ 15.6 ಲಕ್ಷ. ಹೆದರಿಕೊಂಡು ಕ್ಯೂಆರ್ ತೆಗೆದವರು ತಮ್ಮ ಆದಾಯದ ಒಂದೇ ಒಂದು ಸಾಕ್ಷಿಯನ್ನು ತಾವೇ ಅಳಿಸಿಕೊಂಡರು. ಬರೋ ನಗದನ್ನೂ ವಾರಕ್ಕೆರಡು ಸಲ ಖಾತೆಗೆ ಕಟ್ಟಿ. ಹನ್ನೆರಡು ತಿಂಗಳು ಒಂದೇ ಖಾತೆಯಲ್ಲಿ ಹೀಗೆ ಓಡಿದ ಸ್ಟೇಟ್‌ಮೆಂಟ್‌ಗಿಂತ ದೊಡ್ಡ ಕಾಗದ ನಿಮ್ಮಂಥವರಿಗೆ ಬೇರೆ ಇಲ್ಲ.

ಮೂರನೆಯದು ರಿಟರ್ನ್. ಐಟಿಆರ್-4, ಅಂದಾಜು ಲಾಭದ ಪದ್ಧತಿ. ಇಲ್ಲಿ ಎಲ್ಲರೂ ಎಡವುತ್ತಾರೆ. ನಗದು ವಹಿವಾಟಿಗೆ ಶೇ. 8, ಡಿಜಿಟಲ್‌ಗೆ ಶೇ. 6 ಅನ್ನೋದು ಕನಿಷ್ಠ ಲಾಭ, ಅಷ್ಟೇ ತೋರಿಸಬೇಕು ಅಂತಲ್ಲ. 15.6 ಲಕ್ಷಕ್ಕೆ ಶೇ. 8 ತೋರಿಸಿದರೆ ತಿಂಗಳಿಗೆ 10,400 ರೂ. ಆದಾಯ. ಅದನ್ನು ನೋಡಿ ಯಾರೂ ಮನೆ ಸಾಲ ಕೊಡಲ್ಲ. ನಿಜವಾಗಿ ಉಳಿಯೋದು 39,000 ಆದರೆ ವರ್ಷಕ್ಕೆ 4.68 ಲಕ್ಷ ಅಂತಲೇ ಘೋಷಿಸಿ. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ರಿಯಾಯಿತಿ ಸೇರಿ ತೆರಿಗೆ ಸೊನ್ನೆ. ಕಡಿಮೆ ತೋರಿಸಿ ಉಳಿಸೋದಕ್ಕೆ ಏನೂ ಇಲ್ಲ, ಕಳಕೊಳ್ಳೋದು ಸಾಲದ ಅರ್ಹತೆ. ಹೆಂಡತಿಯವರದ್ದೂ ಪ್ರತ್ಯೇಕ ರಿಟರ್ನ್ ಹಾಕಿಸಿ.

ಹಳೇ ವರ್ಷದ ಮೂರು ರಿಟರ್ನ್ ಒಟ್ಟಿಗೆ ಹಾಕೋ ಉಪಾಯ ಬೇಡ. ಗಡುವು ಮುಗಿದ ಮೇಲೆ ಹಾಕೋ ಅಪ್‌ಡೇಟೆಡ್ ರಿಟರ್ನ್‌ಗೆ ಶೇ. 25ರಿಂದ 70ರವರೆಗೆ ಹೆಚ್ಚುವರಿ ತೆರಿಗೆ ಇದೆ. ಅದಿರಲಿ, ಸಲ್ಲಿಸಿದ ತಾರೀಕು ಸ್ವೀಕೃತಿಯ ಮೇಲೇ ಅಚ್ಚಾಗಿರುತ್ತೆ. ಸಾಲಕ್ಕೋಸ್ಕರ ಹಾಕಿದ್ದು ಅಂತ ಮೊದಲ ನೋಟದಲ್ಲೇ ಗೊತ್ತಾಗುತ್ತೆ.

---

ಫೀಲ್ಡ್_ವಿಸಿಟ್:

ಮೇಲಿನದು ಸರಿ. ಆದರೆ ರಿಟರ್ನ್ ಕೂಡೋವರೆಗೆ ವರ್ಷಗಟ್ಟಲೆ ಕಾಯಲೇಬೇಕು ಅಂತೇನಿಲ್ಲ. ಆಧಾರ್ ಹೌಸಿಂಗ್, ಆಪ್ಟಸ್, ಹೋಮ್ ಫಸ್ಟ್ ತರಹದ ಗೃಹ ಹಣಕಾಸು ಕಂಪನಿಗಳು ಸಂಬಳದ ಚೀಟಿ ಇಲ್ಲದವರಿಗೂ ಸಾಲ ಕೊಡ್ತವೆ. ಇಲ್ಲಿ ಆದಾಯ ಕಾಗದದಿಂದ ಬರಲ್ಲ, ಅಂಗಡಿಗೆ ಬಂದು ಕೂತು ಲೆಕ್ಕ ಹಾಕ್ತಾರೆ. ವ್ಯಾಪಾರದ ಹೊತ್ತಲ್ಲೇ ಬರ್ತಾರೆ, ಹೇಳದೇನೂ ಬರಬಹುದು. ತಿಂಗಳಿಗೆ 19 ಕೆಜಿಯ ವಾಣಿಜ್ಯ ಸಿಲಿಂಡರ್ ಎಷ್ಟು, ಅಕ್ಕಿ-ಉದ್ದಿನಬೇಳೆ ಬಿಲ್ ಎಷ್ಟು, ಹಾಲು ಎಷ್ಟು, ಅದಕ್ಕೆ ಎಷ್ಟು ಪ್ಲೇಟು ಆಗಬೇಕು ಅಂತ ಹಿಂದಿನಿಂದ ಲೆಕ್ಕ ತೆಗೀತಾರೆ. ಪಕ್ಕದ ಅಂಗಡಿಯವರನ್ನೂ ಮಾತಾಡಿಸ್ತಾರೆ. ಮನೇಲಿ ಬಳಸೋ ಸಿಲಿಂಡರನ್ನೇ ಅಂಗಡೀಲಿಟ್ಟು ವ್ಯಾಪಾರ ಮಾಡೋರ ಫೈಲ್ ಇಲ್ಲೇ ನಿಲ್ಲೋದು, ಯಾಕಂದರೆ ಬಿಲ್ಲೇ ಇಲ್ಲ. ದಿನಸಿ ಬಿಲ್ ಆರು ತಿಂಗಳದ್ದಾದರೂ ಕೂಡಿಡಿ. ಪಾಲಿಕೆಯ ವ್ಯಾಪಾರ ಪರವಾನಗಿ, ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಅಥವಾ ಲೈಸೆನ್ಸ್, ಅಂಗಡಿ ಬಾಡಿಗೆ ಕರಾರು, ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ ಇರಲಿ. ಉದ್ಯಮ್ ಸರ್ಕಾರಿ ಪೋರ್ಟಲ್‌ನಲ್ಲಿ ಉಚಿತ, ದುಡ್ಡು ಕೇಳಿದರೆ ಅದು ಬೇರೆ ಸೈಟು.

ಲೆಕ್ಕ ನೋಡಿ. 39,000 ಮತ್ತು 12,000, ಒಟ್ಟು 51,000. ಅರ್ಧ ಕಂತಿಗೆ ಬಿಟ್ಟರೆ 25,500. ಶೇ. 13ರ ಬಡ್ಡಿ, 15 ವರ್ಷ ಅಂದರೆ ಲಕ್ಷಕ್ಕೆ 1,265 ರೂ. ಕಂತು, ಸುಮಾರು 20 ಲಕ್ಷ ಸಾಲ. 20 ವರ್ಷ ಮಾಡಿದರೆ 21.7 ಲಕ್ಷ. ಅದೇ ಆದಾಯಕ್ಕೆ ಬ್ಯಾಂಕ್ ಶೇ. 8.5ರಲ್ಲಿ ಕೊಟ್ಟರೆ 29 ಲಕ್ಷ ದಾಟುತ್ತೆ. 20 ಲಕ್ಷ, 20 ವರ್ಷಕ್ಕೆ ಕಂತು 23,430 ಎದುರು 17,356, ತಿಂಗಳಿಗೆ ಆರು ಸಾವಿರದ ವ್ಯತ್ಯಾಸ. ಹಾಗಾಗಿ ಈ ಕಂಪನಿಯ ಸಾಲ ಮೊದಲ ಮೆಟ್ಟಿಲು ಹತ್ತಲು ಮಾತ್ರ. ಒಂದೂವರೆ-ಎರಡು ವರ್ಷ ಒಂದು ಕಂತೂ ತಪ್ಪದೆ ಕಟ್ಟಿ, ಅಷ್ಟರಲ್ಲಿ ಎರಡು ರಿಟರ್ನ್ ಆಗಿರುತ್ತೆ, ಬ್ಯಾಂಕಿಗೆ ವರ್ಗಾಯಿಸಿ. ಬಡ್ಡಿ ಫ್ಲೋಟಿಂಗ್ (ಆಗಾಗ ಬದಲಾಗೋ ದರ) ಅಂತ ಕರಾರಿನಲ್ಲಿ ಇರಲೇಬೇಕು. ಫ್ಲೋಟಿಂಗ್ ಮನೆ ಸಾಲವನ್ನು ವ್ಯಕ್ತಿ ಮುಂಚೆ ತೀರಿಸಿದರೆ ಶುಲ್ಕ ಹಾಕುವಂತಿಲ್ಲ. ಸಹಿಗೆ ಮುಂಚೆ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ (ಸಾಲದ ಬಡ್ಡಿ, ಶುಲ್ಕ ಎಲ್ಲ ಒಂದೇ ಕಡೆ ಬರೆದ ಹಾಳೆ) ಕೇಳಿ ತಗೊಂಡು ವಾರ್ಷಿಕ ದರ ಅಂತ ಇರೋ ಅಂಕಿ ನೋಡಿ. ಸಾಲಕ್ಕೆ ಸೇರಿಸಿಬಿಡೋ ವಿಮೆಯ ಕಂತು ಕಡ್ಡಾಯ ಅಲ್ಲ, ಆದರೂ ಸೇರಿಸೋಕೆ ನೋಡ್ತಾರೆ.

ಐದು ಕಡೆ ಒಟ್ಟಿಗೆ ಅರ್ಜಿ ಹಾಕಬೇಡಿ, ಪ್ರತಿಯೊಂದೂ ಕ್ರೆಡಿಟ್ ವರದಿಯಲ್ಲಿ (ನಿಮ್ಮ ಸಾಲದ ಚರಿತ್ರೆ) ದಾಖಲಾಗುತ್ತೆ.

---

ಇ_ಖಾತೆ_ಇದೆಯಾ:

ಇಬ್ಬರೂ ಆದಾಯದ ಬಗ್ಗೆ ಹೇಳಿದರು, ಮನೆಯ ಕಾಗದ ಯಾರೂ ಕೇಳಲಿಲ್ಲ. ಆಮೇಲೆ ಬ್ಯಾಂಕಿಗೆ ವರ್ಗಾಯಿಸ್ತೀನಿ ಅನ್ನೋ ಯೋಜನೆ ನಿಂತಿರೋದೇ ಅದರ ಮೇಲೆ. ಸರಿಯಾದ ಅನುಮೋದನೆ ಇಲ್ಲದ ಆಸ್ತಿಗೆ ಕೊಡೋ ಖಾತೆ, ಅಂದರೆ ಪಾಲಿಕೆ ಒಳಗೆ ಬಿ ಖಾತಾ, ಪಂಚಾಯಿತಿಯಲ್ಲಿ 11ಬಿ ನಮೂನೆ ಆದರೆ ಕೆಲವು ಫೈನಾನ್ಸ್‌ನವರು ಹೆಚ್ಚು ಬಡ್ಡಿಗೆ ಕೊಟ್ಟಾರು, ಬ್ಯಾಂಕುಗಳು ಸಾಮಾನ್ಯವಾಗಿ ಮುಟ್ಟಲ್ಲ. ಶೇ. 13ರಲ್ಲೇ ಇಪ್ಪತ್ತು ವರ್ಷ ಕೂತಿರಬೇಕಾಗುತ್ತೆ. ರೆವಿನ್ಯೂ ಸೈಟಾದರೆ (ಭೂಪರಿವರ್ತನೆ ಆಗದ ಕೃಷಿ ಜಮೀನು) ಬೇರೆ ಮನೆ ನೋಡಿ. ಮುಂಗಡ ಕೊಡೋ ಮೊದಲು ಇ-ಖಾತೆ, ಮೂಲಪತ್ರ, ಭೂಪರಿವರ್ತನೆ ಆದೇಶ, ಮಂಜೂರಾದ ನಕ್ಷೆ, 30 ವರ್ಷದ ಋಣಭಾರ ಪತ್ರ (ಇಸಿ) ನೋಡಿ. ಕ್ರಯದ ಕರಾರಿನಲ್ಲಿ ಸಾಲ ಮಂಜೂರಾಗದಿದ್ದರೆ ಮುಂಗಡ ವಾಪಸ್ ಅನ್ನೋ ಷರತ್ತು ಬರೆಸಿ.

ಇನ್ನು ಕೈಯಿಂದ ಹಾಕಬೇಕಾದ ದುಡ್ಡು. ಸಾಲ 20 ಲಕ್ಷ ಅಂದರೆ 12 ಲಕ್ಷ ನಿಮ್ಮದು. 30 ಲಕ್ಷದೊಳಗಿನ ಸಾಲಕ್ಕೆ ಮನೆ ಬೆಲೆಯ ಶೇ. 90ರವರೆಗೆ ಕೊಡಬಹುದು ಅಂತ ಆರ್‌ಬಿಐ ಮಿತಿ ಇದ್ದರೂ ನಿಮ್ಮನ್ನು ತಡೆಯೋದು ಆದಾಯ. ಜೊತೆಗೆ ನಗರದಲ್ಲಿ ಮುದ್ರಾಂಕ ಶುಲ್ಕ ಸೆಸ್, ಸರ್‌ಚಾರ್ಜ್ ಸೇರಿ ಶೇ. 5.6, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2. 32 ಲಕ್ಷಕ್ಕೆ 2,43,200 ರೂ. ಶೇ. 3ರ ದರ ಹೊಸ ಅಪಾರ್ಟ್‌ಮೆಂಟಿನ ಮೊದಲ ನೋಂದಣಿಗೆ, ಬಿಡಿ ಮನೆಗಲ್ಲ. ಅಂದರೆ ಹದಿನಾಲ್ಕೂವರೆ ಲಕ್ಷ ಬೇಕು, ಇರೋದು ಒಂಬತ್ತು. ನಿಮ್ಮ ಸಮಸ್ಯೆ ರಿಟರ್ನ್ ಅಲ್ಲ, ಈ ಐದೂವರೆ ಲಕ್ಷ. 24-25 ಲಕ್ಷದ ಮನೆ ಹುಡುಕಿ, ಇಲ್ಲಾ ಕಾಯಿರಿ.

ಇಬ್ಬರ ಹೆಸರಲ್ಲೂ ದೇಶದ ಎಲ್ಲೂ ಪಕ್ಕಾ ಮನೆ ಇಲ್ಲದಿದ್ದರೆ ಪಿಎಂ ಆವಾಸ್ ನಗರ 2.0ರ ಬಡ್ಡಿ ಸಹಾಯಧನ ನೋಡಿ. ಕುಟುಂಬದ ವರಮಾನ 9 ಲಕ್ಷದೊಳಗೆ, ಮನೆ 35 ಲಕ್ಷದೊಳಗೆ, ಸಾಲ 25 ಲಕ್ಷದೊಳಗೆ ಇರಬೇಕು. ಹೆಚ್ಚೆಂದರೆ 1.80 ಲಕ್ಷ, ಐದು ವಾರ್ಷಿಕ ಕಂತಲ್ಲಿ ಸಾಲದ ಖಾತೆಗೆ ಬರುತ್ತೆ. ಮುಂಗಡಕ್ಕೆ ಆಗೋ ದುಡ್ಡಲ್ಲ.

---

ತಟ್ಟೆಇಡ್ಲಿ_ತುಮಕೂರು:

ಧನ್ಯವಾದ. ನಗದು 4 ಲಕ್ಷ ಒಟ್ಟಿಗೆ ಕಟ್ಟಬಹುದಾ? ಮಾರೋರು 10 ಲಕ್ಷ ಕ್ಯಾಶ್ ಕೊಡಿ, ಪತ್ರದಲ್ಲಿ 22 ಬರೆಸೋಣ ಅಂತಾರೆ. ಮತ್ತೆ ಹೆಂಡತಿ ಸಂಘದಲ್ಲಿ ಸಾಲ ತಗೊಂಡಿದ್ದಾರೆ, ಅದು ಲೆಕ್ಕಕ್ಕೆ ಬರುತ್ತಾ?

---

ಲೆಕ್ಕದ_ಪುಸ್ತಕ:

ಕ್ಯಾಶ್ ಮಾತಿಗೆ ಒಪ್ಪಬೇಡಿ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ಅಥವಾ ಮೇಲ್ಪಟ್ಟು ನಗದು ತಗೊಂಡರೆ ತಗೊಂಡವರಿಗೆ ಅಷ್ಟೇ ಮೊತ್ತದ ದಂಡ. ನಿಮಗಾಗೋ ನಷ್ಟ ಇನ್ನೊಂದು ಕಡೆ: ಸಾಲ ಕೊಡೋದು ಪತ್ರದ ಬೆಲೆ, ಮೌಲ್ಯಮಾಪಕರ ಬೆಲೆ ಎರಡರಲ್ಲಿ ಕಡಿಮೆಯದರ ಮೇಲೆ. 22 ಅಂತ ಬರೆಸಿದರೆ, ಬೆಲೆಯ ಶೇ. 75 ಕೊಡ್ತಾರೆ ಅಂದುಕೊಂಡರೂ 16.5 ಲಕ್ಷ ಸಿಗುತ್ತೆ, ಉಳಿದದ್ದೆಲ್ಲ ನಿಮ್ಮ ಕೈಯಿಂದ.

4 ಲಕ್ಷವನ್ನು ಅರ್ಜಿ ಹಾಕೋ ತಿಂಗಳು ಕಟ್ಟಬೇಡಿ, ಯಾರೋ ಸಾಲ ಕೊಟ್ಟ ದುಡ್ಡು ಅಂತ ಓದ್ತಾರೆ. ಮೂಲ ಹೇಳೋಕಾಗದಿದ್ದರೆ ಆ ದುಡ್ಡಿನ ಮೇಲೆ ಭಾರೀ ತೆರಿಗೆ ಬೀಳುತ್ತೆ. ಐಟಿಆರ್-4ರಲ್ಲಿ ವರ್ಷದ ಕೊನೆಗೆ ಕೈಲಿರೋ ನಗದು ಎಷ್ಟು ಅಂತ ಒಂದು ಅಂಕಣ ಇದೆ. ನಿಜವಾಗಿ ಇದ್ದದ್ದನ್ನು ಅಲ್ಲಿ ತೋರಿಸಿ, ಆಮೇಲೆ ಖಾತೆಗೆ ಕಟ್ಟಿ. ಚೀಟಿ ದುಡ್ಡಾದರೆ ಪಾಸ್‌ಬುಕ್ ಇಟ್ಟುಕೊಳ್ಳಿ. ಮೊದಲು ಆಡಿಟರ್‌ಗೆ ಮೂಲ ವಿವರಿಸಿ.

ಸಂಘದ ಸಾಲ ಬರುತ್ತೆ. ಮೈಕ್ರೋಫೈನಾನ್ಸ್ ಸಾಲ, ಸಂಘದ ಮೂಲಕ ಬ್ಯಾಂಕಿನಿಂದ ಬಂದ ಸಾಲ ಕ್ರೆಡಿಟ್ ವರದಿಯಲ್ಲಿ ಕಾಣ್ತದೆ. ಮುಚ್ಚಿಟ್ಟು ಅವರೇ ಕಂಡುಹಿಡಿದರೆ ಫೈಲ್ ಅಲ್ಲಿಗೆ ಮುಗೀತು. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್, ಈ ವರದಿ ತಯಾರಿಸೋ ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಉಚಿತ ಪೂರ್ಣ ವರದಿ ಕೊಡಬೇಕು. ಇಬ್ಬರದ್ದೂ ತೆಗೆಸಿ ನೋಡಿ. ವಾರದ ಕಂತು ತಪ್ಪದೆ ಕಟ್ಟಿದ್ದರೆ ಅದೇ ನಿಮಗೆ ಅನುಕೂಲ, ಹೆಂಡತಿಯವರನ್ನು ಮೊದಲ ಅರ್ಜಿದಾರರನ್ನಾಗಿ ಮಾಡಬಹುದಾ ಅಂತ ಕೇಳಿ. ನಿಮ್ಮ ಹೆಸರಲ್ಲಿ ಏನೂ ಇಲ್ಲದಿದ್ದರೆ 25,000ದ ಠೇವಣಿ ಮೇಲೆ ಕ್ರೆಡಿಟ್ ಕಾರ್ಡ್ ತಗೊಂಡು, ಮಿತಿಯ ಕಾಲು ಭಾಗದೊಳಗೆ ಬಳಸಿ, ಪೂರ್ತಿ ಕಟ್ಟುತ್ತಾ ಬನ್ನಿ. ಆರು ತಿಂಗಳಲ್ಲಿ ಕ್ರೆಡಿಟ್ ಅಂಕ (ಸ್ಕೋರ್) ಕಾಣಿಸಿಕೊಳ್ಳುತ್ತೆ.