ಹಳೆಯ ಕಾರಿನ ರಿಪೇರಿ: ಯಾವುದಕ್ಕೆ ಕೈ ಹಾಕಬಹುದು, ಯಾವುದನ್ನು ಬಿಡಬೇಕು?

ಪ್ರಶ್ನೆ

ನನ್ನ ಪೆಟ್ರೋಲ್ ಕಾರಿಗೆ ಈಗ 17 ವರ್ಷ. ಎಂಜಿನ್ ಇನ್ನೂ ಗಟ್ಟಿಮುಟ್ಟಾಗಿದೆ. ಆದರೆ ಗ್ಯಾರೇಜಿಗೆ ಹೋಗಿ ಬಂದಾಗಲೆಲ್ಲ ಆಗುವ ಖರ್ಚನ್ನು ಕಾರಿನ ಈಗಿನ ಬೆಲೆಯೊಂದಿಗೆ ಹೋಲಿಸಿದರೆ ಮನಸ್ಸು ಹಿಂಜರಿಯುತ್ತದೆ. ಆದ್ದರಿಂದ ಆದಷ್ಟು ಕೆಲಸವನ್ನು ನಾನೇ ಕಲಿತು ಮಾಡಿಕೊಳ್ಳಬೇಕೆಂದಿದ್ದೇನೆ. ಎಂಜಿನ್ ಆಯಿಲ್ ಮತ್ತು ಫಿಲ್ಟರ್‌ಗಳನ್ನು ಬದಲಾಯಿಸಿದ್ದು ಬಿಟ್ಟರೆ ಹೆಚ್ಚಿನ ಅನುಭವವಿಲ್ಲ.

ಬೆಳಿಗ್ಗೆ ಕೀ ತಿರುಗಿಸಿದರೆ ಸೆಲ್ಫ್ ಮೋಟರ್ ಏದುಸಿರು ಬಿಡುತ್ತಾ ನಿಧಾನವಾಗಿ ತಿರುಗುತ್ತದೆ. ಹೊಸ ಬ್ಯಾಟರಿ ಹಾಕಿಸಿ 5 ತಿಂಗಳಾಯಿತು. ಅದರಿಂದಲೂ ಗುಣ ಕಾಣದ್ದರಿಂದ ಈಗ ಸೆಲ್ಫ್ ಮೋಟರನ್ನೇ ಬದಲಾಯಿಸಬೇಕೆಂದು ಗ್ಯಾರೇಜಿನವರು ಹೇಳುತ್ತಿದ್ದಾರೆ. ಇದರ ಜೊತೆಗೆ ಕೂಲೆಂಟ್ (ಎಂಜಿನನ್ನು ತಂಪಾಗಿಡುವ ದ್ರವ) ಕಡಿಮೆಯಾಗುತ್ತಿದ್ದು, ತಿಂಗಳಿಗೊಮ್ಮೆ ಸ್ವಲ್ಪ ಸುರಿಯಬೇಕಾಗುತ್ತಿದೆ. ಟೈಮಿಂಗ್ ಬೆಲ್ಟ್ (ವಾಲ್ವ್‌ಗಳ ಚಲನೆಯನ್ನು ಪಿಸ್ಟನ್ನಿಗೆ ಹೊಂದಿಸುವ ಹಲ್ಲುಪಟ್ಟಿ) ಹಾಕಿಸಿ 8 ವರ್ಷವಾಗಿದೆ. ಇವುಗಳಲ್ಲಿ ಯಾವ ಕೆಲಸ ನನ್ನಂಥವನ ಕೈಯಲ್ಲಿ ಆದೀತು ಎಂಬುದನ್ನು ಅನುಭವಿಗಳು ತಿಳಿಸಬೇಕಾಗಿ ವಿನಂತಿ.

ಉತ್ತರ 1

ಸೆಲ್ಫ್ ಮೋಟರನ್ನು ಬಿಚ್ಚುವ ಮೊದಲು ವೋಲ್ಟ್, ಓಮ್ ಅಳೆಯುವ ಒಂದು ಸಾಧಾರಣ ಮಲ್ಟಿಮೀಟರ್ ಕೊಳ್ಳಿರಿ. ಹಳೆಯ ಗಾಡಿಯಲ್ಲಿ ಅತಿ ಹೆಚ್ಚು ಹಣ ಉಳಿಸುವ ಸಾಧನ ಅದೇ ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಊಹೆಯ ಮೇಲೆ ಬಿಡಿಭಾಗ ಬದಲಾಯಿಸುತ್ತಾ ಹೋದರೆ, ಆ ಕೆಲಸ ಗ್ಯಾರೇಜಿನಲ್ಲಿ ನಡೆದರೂ ಮನೆಯಲ್ಲಿ ನಡೆದರೂ ನಷ್ಟ ಒಂದೇ.

ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಿದರೆ ಚಾರ್ಜ್ ಪೂರ್ಣವಾಗಿದೆ, 12.2ರ ಆಸುಪಾಸಿನಲ್ಲಿದ್ದರೆ ಅರ್ಧದಷ್ಟೇ ಉಳಿದಿದೆ. ಎಂಜಿನ್ ಓಡುವಾಗ ಅದು 14 ವೋಲ್ಟಿನ ಆಸುಪಾಸಿಗೆ ಏರಬೇಕು, ಏರದಿದ್ದರೆ ಬ್ಯಾಟರಿಗೆ ಚಾರ್ಜ್ ತುಂಬುವ ಆಲ್ಟರ್ನೇಟರ್ ಕಡೆ ನೋಡಬೇಕು. ಇವೆರಡೂ ಸರಿಯಿದ್ದರೆ ನನ್ನ ಅನುಮಾನ ಬ್ಯಾಟರಿಯ ನೆಗೆಟಿವನ್ನು ಎಂಜಿನ್ ಮೈಗೆ ಕೂಡಿಸುವ ಅರ್ತ್ ಕೇಬಲ್ ಮೇಲೆ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ (ಅದರ ಮೇಲಿನ ಕ್ಲಾಂಪಿಗಲ್ಲ), ಇನ್ನೊಂದನ್ನು ಎಂಜಿನ್ ಮೈಯ ಬರಿಯ ಲೋಹಕ್ಕೆ ಒತ್ತಿ ಹಿಡಿದು, ಬೇರೊಬ್ಬರಿಂದ ಸೆಲ್ಫ್ ಹೊಡೆಸಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ತೋಳು ಫ್ಯಾನಿನಿಂದ ದೂರವಿರಲಿ. ಆ ಕ್ಷಣದಲ್ಲಿ ಮೀಟರ್ 0.3 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ದೋಷವಿರುವುದು ಆ ದಾರಿಯಲ್ಲೇ.

ಕೇಬಲಿನ ತಡೆಯನ್ನು ಓಮ್ಸ್‌ನಲ್ಲಿ ಅಳೆದು ‘ಸೊನ್ನೆ ಬಂತು, ಸರಿಯಾಗಿದೆ’ ಎನ್ನುವವರು ಬಹಳ ಜನ. ಸೆಲ್ಫ್ ಮೋಟರ್ 150 ಆಂಪಿಯರ್ ಎಳೆಯುತ್ತಿದ್ದರೆ ಕೇವಲ 0.01 ಓಮ್ ತಡೆಯೂ 1.5 ವೋಲ್ಟನ್ನು ನುಂಗಿಬಿಡುತ್ತದೆ, ಅಷ್ಟು ಸಣ್ಣ ತಡೆ ಸಾಧಾರಣ ಮೀಟರಿನ ಓಮ್ಸ್‌ನಲ್ಲಿ ಕಾಣುವುದೇ ಇಲ್ಲ.

ಉತ್ತರ 2

ಬೆಲ್ಟ್ ವಿಷಯದಲ್ಲಿ ಎಚ್ಚರಿಕೆ ಇರಲಿ. ಅನೇಕ ಎಂಜಿನ್‌ಗಳಲ್ಲಿ ಬೆಲ್ಟ್ ಕಡಿದರೆ, ಇಲ್ಲವೇ ಕೆಲವು ಹಲ್ಲು ಆಚೀಚೆಯಾಗಿ ಕೂತರೆ, ಪಿಸ್ಟನ್ ವಾಲ್ವಿಗೆ ಬಡಿದು ವಾಲ್ವ್ ಬಾಗುತ್ತದೆ. ಆಮೇಲೆ ಉಳಿತಾಯದ ಮಾತೇ ಇಲ್ಲ. ಕೂಲೆಂಟ್ ಸೋರಿಕೆಗೂ ಇದಕ್ಕೂ ಸಂಬಂಧವಿರಬಹುದು. ಎಂಜಿನ್ ಪೂರ್ತಿ ತಣ್ಣಗಿರುವಾಗ ಹೋಸ್‌ಗಳ ತುದಿಗಳನ್ನೂ ವಾಟರ್ ಪಂಪಿನ ಕೆಳಭಾಗವನ್ನೂ ಟಾರ್ಚ್ ಹಾಕಿ ನೋಡಿ. ಪಂಪಿನ ಕೆಳಗೆ ಒಣಗಿದ ಕೂಲೆಂಟಿನ ಬಣ್ಣದ ಗೆರೆ ಕಂಡರೆ ಪಂಪಿನ ಸೀಲ್ ಹೋಗಿದೆ ಎಂದರ್ಥ. ಕೆಲವು ಕಾರುಗಳಲ್ಲಿ ಆ ಪಂಪನ್ನು ಟೈಮಿಂಗ್ ಬೆಲ್ಟೇ ತಿರುಗಿಸುವುದರಿಂದ ಎರಡನ್ನೂ ಒಟ್ಟಿಗೆ ಮಾಡಿಸುವುದು ಲಾಭ. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಮಾತ್ರ ಎಂದೂ ತೆರೆಯಬೇಡಿ.

ಬ್ರೇಕನ್ನು ಕಲಿಕೆಯ ಮೊದಲ ಪಾಠವಾಗಿ ಆರಿಸಿಕೊಳ್ಳಬೇಡಿ. ನಾನು ಆರಿಸಿಕೊಂಡಿದ್ದೆ. ತುಕ್ಕು ಹಿಡಿದ ಬ್ಲೀಡರ್ ನಿಪ್ಪಲ್ಲಿಗೆ (ಬ್ರೇಕ್ ಪೈಪಿನೊಳಗಿನ ಗಾಳಿ ಹೊರಬಿಡುವ ತಿರುಪು) ಸರಿಯಾದ ಅಳತೆಯದಲ್ಲದ ಸ್ಪ್ಯಾನರ್ ಹಾಕಿ ಬಲ ಪ್ರಯೋಗಿಸಿದಾಗ ಅದರ ಮೂಲೆಗಳು ಸವೆದು ಗುಂಡಗಾದವು, ಎರಡನೆಯ ಪ್ರಯತ್ನಕ್ಕೆ ಮುರಿದೇ ಹೋಯಿತು, ಕಾರು ಎರಡು ವಾರ ಸ್ಟ್ಯಾಂಡ್ ಮೇಲೆ ನಿಂತಿತ್ತು. ಬರೀ ಜ್ಯಾಕಿನ ಮೇಲೆ ನಿಂತ ಕಾರಿನ ಕೆಳಗಂತೂ ತಲೆ ಹಾಕಲೇಬಾರದು.

ಉತ್ತರ 3

ಮೇಲಿನ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೂ ಬೆಲ್ಟ್ ಕೆಲಸ ನಿಗೂಢವೇನಲ್ಲ. ಮಾಡಿ ಬಲ್ಲವರು ಪಕ್ಕದಲ್ಲಿದ್ದು, ಬೆಲ್ಟ್ ಗಾಲಿಗಳ ಮೇಲಿನ ಗುರುತುಗಳನ್ನು ಕೂಡಿಸಿ, ಸ್ಟಾರ್ಟ್ ಮಾಡುವ ಮೊದಲು ಕ್ರ್ಯಾಂಕನ್ನು (ಪಿಸ್ಟನ್‌ಗಳು ತಿರುಗಿಸುವ ಎಂಜಿನ್ನಿನ ಮುಖ್ಯ ದಂಡ) ಸ್ಪ್ಯಾನರಿನಿಂದ ಪೂರ್ತಿ ಎರಡು ಸುತ್ತು ತಿರುಗಿಸಿ ಮತ್ತೆ ಗುರುತು ನೋಡುವ ತಾಳ್ಮೆಯಿದ್ದರೆ ಕಲಿಯಬಹುದು. ಮೊದಲ ಬಾರಿಗೆ ಒಬ್ಬರೇ ಮಾಡಬೇಡಿ ಎಂಬುದಷ್ಟೇ ನನ್ನ ಮಾತು. ಬ್ಯಾಟರಿ ಬಿಚ್ಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ಅದು ಕೊನೆಗೆ. ಇಲ್ಲದಿದ್ದರೆ ಪಾಸಿಟಿವ್ ಮೇಲಿರುವ ಸ್ಪ್ಯಾನರ್ ಕಾರಿನ ಲೋಹದ ಮೈಗೆ ತಾಗಿದೊಡನೆ ಕಿಡಿ ಹಾರುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಬ್ಯಾಟರಿ 12.5, ಎಂಜಿನ್ ಓಡುವಾಗ 14.1, ಸೆಲ್ಫ್ ಹೊಡೆದಾಗ ಅರ್ತ್ ದಾರಿಯಲ್ಲಿ 1.1 ವೋಲ್ಟ್ ಬಂತು. ಗೇರ್‌ಬಾಕ್ಸಿಗೆ ಕೂಡುವ ಜಾಗದಲ್ಲಿ ಬೋಲ್ಟ್ ಬಿಚ್ಚಿ ನೋಡಿದರೆ, ಕೇಬಲಿನ ಉಂಗುರದ ಕೆಳಗೆ ಹಸಿರು ಪುಡಿ, ಅದರಡಿ ತುಕ್ಕು. ಎಮರಿ ಪೇಪರಿನಿಂದ ಎರಡೂ ಮುಖಗಳನ್ನು ಹೊಳೆಯುವವರೆಗೆ ಉಜ್ಜಿ ಬಿಗಿದ ಮೇಲೆ 0.2 ವೋಲ್ಟಿಗೆ ಇಳಿದಿದೆ. ಈ ದಿನ ಬೆಳಿಗ್ಗೆ ಕೀ ತಿರುಗಿಸಿದೊಡನೆ ಸ್ಟಾರ್ಟ್ ಆಯಿತು. ವಾಟರ್ ಪಂಪಿನ ಕೆಳಗೆ ಗೆರೆ ಇದ್ದೇ ಇದೆ. ಪಂಪ್ ಮತ್ತು ಬೆಲ್ಟ್ ಎರಡನ್ನೂ ಮೆಕ್ಯಾನಿಕ್‌ಗೆ ಒಪ್ಪಿಸುತ್ತೇನೆ. ಕೇಬಲಿನ ಎಳೆಗಳು ಉಂಗುರದ ಬುಡದಲ್ಲಿ ಕಪ್ಪಾಗಿವೆ. ಹೊಸದನ್ನು ನಾನೇ ಹಾಕಬಹುದೇ?

ಉತ್ತರ 1

ಧಾರಾಳವಾಗಿ ಹಾಕಬಹುದು. ಈಗಿರುವುದಕ್ಕಿಂತ ತೆಳ್ಳಗಿನ ಕೇಬಲ್ ಮಾತ್ರ ಬೇಡ, ದಪ್ಪಗಿದ್ದರೆ ಅಡ್ಡಿಯಿಲ್ಲ. ಎಂಜಿನ್ ಅಲುಗುವಾಗ ಜಗ್ಗದಷ್ಟು ಸಡಿಲ ಬಿಡಿ.